ಬಾಲ್ ಯಾರಿಗೂ ಬೇಡವಾದ ದಿನ

ಮೂರನೇ ಕ್ವಾರ್ಟರ್ ಶುರುವಾಗಿ ನಾಲ್ಕು ನಿಮಿಷ ಆಗಿತ್ತು. ಬಾಲ್ ನನ್ನ ಕೈಗೆ ಬಂತು. ಎದುರಿಗೆ ತಡೆಯುವವರು ಯಾರೂ ಇರಲಿಲ್ಲ. ದಿನಾ ಬೆಳಿಗ್ಗೆ ಅದೇ ಜಾಗದಿಂದ ಎಸೆದು ಎಸೆದು ಅಭ್ಯಾಸವಾದವಳು ನಾನು. ಆದರೂ ಬಾಲನ್ನು ಪಕ್ಕದವಳಿಗೆ ದಾಟಿಸಿಬಿಟ್ಟೆ. ಅವಳು ಇನ್ನೊಬ್ಬಳಿಗೆ, ಅವಳು ಮತ್ತೊಬ್ಬಳಿಗೆ. ಕಾವಲಿಯಿಂದ ಆಗಷ್ಟೇ ತೆಗೆದ ರೊಟ್ಟಿಯಂತೆ ಬಾಲ್ ಐದು ಜನರ ಕೈಯಲ್ಲಿ ಸುತ್ತಿತು. ಕೊನೆಗೆ ಎದುರಾಳಿ ಹುಡುಗಿಯೊಬ್ಬಳು ಮಧ್ಯೆ ಕೈ ಹಾಕಿ ಕಿತ್ತುಕೊಂಡು ಹೋದಳು. ನಿಜ ಹೇಳಬೇಕೆಂದರೆ, ಆ ಕ್ಷಣ ನನಗೆ ಬೇಜಾರಾಗಲಿಲ್ಲ. ಸದ್ಯ, ಬಾಲ್ ಹೋಯಿತಲ್ಲ ಎನ್ನಿಸಿತು.

ಅಂದು ನಾವು 19–47ರಿಂದ ಸೋತೆವು. ಅದಕ್ಕೆ ಹತ್ತು ದಿನ ಮೊದಲು ಇದೇ ಐದು ಜನ ಇದೇ ಬಾಲಿಗಾಗಿ ‘ನಂಗೆ ಕೊಡೇ, ನಂಗೆ ಕೊಡೇ’ ಎಂದು ಕೋರ್ಟ್ ತುಂಬ ಕೂಗಾಡಿದ್ದೆವು. ಹತ್ತು ದಿನದಲ್ಲಿ ಯಾರ ಕೈಯೂ ಬದಲಾಗಿರಲಿಲ್ಲ, ಎತ್ತರವೂ ಕಡಿಮೆಯಾಗಿರಲಿಲ್ಲ. ಹಾಗಾದರೆ ಕಳೆದುಹೋದದ್ದು ಏನು?

ಗೆಲುವು ಪ್ರಶ್ನೆ ಕೇಳುವುದಿಲ್ಲ

ನಮ್ಮದು ಎಂಜಿನಿಯರಿಂಗ್ ಕಾಲೇಜಿನ ಹುಡುಗಿಯರ ತಂಡ. ತಂಡದಲ್ಲಿ 12 ಜನರಿಗೆ ಅವಕಾಶ ಇದ್ದರೂ ನಾವು ಇರುವುದು ಎಂಟೇ. ಸಂಜೆ ಕೋರ್ಟ್ ಹುಡುಗರ ಪಾಲು. ನಮಗೆ ಬೆಳಿಗ್ಗೆ ಐದೂ ಮುಕ್ಕಾಲರಿಂದ ಏಳರವರೆಗೆ. ಆಮೇಲೆ ಹಾಸ್ಟೆಲ್‌ಗೆ ಓಡಿ, ಸ್ನಾನ ಮಾಡಿ, ಉಪ್ಪಿಟ್ಟು ಗಂಟಲಲ್ಲಿರುವಾಗಲೇ ಮೊದಲ ಪೀರಿಯಡ್‌ಗೆ ಹಾಜರಾಗಬೇಕು.

ಕಳೆದ ವರ್ಷ ಅಕ್ಕಪಕ್ಕದ ಕಾಲೇಜುಗಳ ಸಣ್ಣ ಟೂರ್ನಿಯೊಂದರಲ್ಲಿ ಸತತ ನಾಲ್ಕು ಪಂದ್ಯ ಗೆದ್ದೆವು. ಕಪ್ ಹಿಡಿದುಕೊಂಡ ಫೋಟೊ ಎಲ್ಲರ ಸ್ಟೇಟಸ್‌ನಲ್ಲೂ ಬಂತು. ಮಾತನಾಡಿಸದ ಸೀನಿಯರ್‌ಗಳೂ ಮಾತನಾಡಿಸಿದರು. ಮರುದಿನ ಬೆಳಿಗ್ಗೆ ಪ್ರಾಕ್ಟೀಸ್‌ಗೆ ಎಂಟು ಜನ ಬಂದೆವು. ಎರಡು ದಿನ ಬಿಟ್ಟು ಆರು. ವಾರದ ಕೊನೆಗೆ ನಾಲ್ಕು. ‘ವಲಯ ಮಟ್ಟದ ಟೂರ್ನಿ ಹತ್ತಿರ ಬಂತು, ಪಾಸ್ ಸರಿ ಮಾಡಿಕೊಳ್ಳಿ’ ಎಂದು ಪಿ.ಇ. ಸರ್ ಹೇಳಿದಾಗ ನಾವು ತಲೆಯಾಡಿಸಿ ಮುಖ ಮುಖ ನೋಡಿಕೊಂಡೆವು. ನಾಲ್ಕು ಪಂದ್ಯ ಗೆದ್ದವರಿಗೆ ಪಾಸ್ ಹೇಳಿಕೊಡಬೇಕೇ?

ಆ ನಾಲ್ಕರಲ್ಲಿ ಒಂದು ಪಂದ್ಯ ಗೆದ್ದದ್ದು ಬರೀ ಒಂದು ಪಾಯಿಂಟ್‌ನಿಂದ. ಅದೂ ಎದುರಾಳಿ ಹುಡುಗಿ ಕೊನೆಯ ಎರಡು ಫ್ರೀ ಥ್ರೋ ತಪ್ಪಿಸಿದ್ದರಿಂದ. ಅವಳು ಎಸೆಯುವಾಗ ನಾವು ಸುಮ್ಮನೆ ನಿಂತು ದೇವರನ್ನು ನೆನೆದಿದ್ದೆವು, ಅಷ್ಟೆ. ಆದರೆ ಹಾಸ್ಟೆಲ್‌ನಲ್ಲಿ ಹೇಳಿಕೊಂಡದ್ದು ‘ಡಿಫೆನ್ಸ್‌ನಿಂದ ಗೆದ್ದೆವು’ ಎಂದು. ಗೆದ್ದವರನ್ನು ಯಾರೂ ‘ಹೇಗೆ ಗೆದ್ದಿರಿ’ ಎಂದು ಕೆದಕಿ ಕೇಳುವುದಿಲ್ಲ. ನಾವೂ ನಮ್ಮನ್ನು ಕೇಳಿಕೊಳ್ಳಲಿಲ್ಲ.

ಸೋಲು ಸಿಕ್ಕಿದವರ ಮೇಲೆ ಬೀಳುತ್ತದೆ

ವಲಯ ಟೂರ್ನಿಯ ಮೊದಲ ಪಂದ್ಯದಲ್ಲೇ ಆ 19–47. ವಾಪಸ್ ಬರುವಾಗ ಟೆಂಪೊ ಟ್ರಾವೆಲರ್‌ನಲ್ಲಿ ಎರಡು ಗಂಟೆ ಯಾರೂ ಮಾತನಾಡಲಿಲ್ಲ. ನಾನಂತೂ ಎಂಟು ಫ್ರೀ ಥ್ರೋಗಳಲ್ಲಿ ಎರಡನ್ನು ಮಾತ್ರ ಹಾಕಿದ್ದೆ. ಕಿಟಕಿಯಾಚೆ ನೋಡುತ್ತಾ, ನನ್ನಿಂದಲೇ ಹೋಯಿತು ಎಂದು ತೀರ್ಮಾನಿಸಿದ್ದೆ. ಆಮೇಲೆ ಗೊತ್ತಾಯಿತು, ನಮ್ಮ ಕ್ಯಾಪ್ಟನ್ ಕೂಡ ಅದೇ ಹೊತ್ತಿಗೆ ಅದೇ ತೀರ್ಮಾನಕ್ಕೆ ಬಂದಿದ್ದಳಂತೆ, ತನ್ನ ಬಗ್ಗೆ! ಸೋಮವಾರ ಪ್ರಾಕ್ಟೀಸ್‌ಗೆ ಬಂದವರು ಮೂವರು. ನಾನು ಹೋಗಲಿಲ್ಲ. ‘ಇಂಟರ್ನಲ್ಸ್ ಇದೆ, ಇನ್ನು ಆಟ ಸಾಕು’ ಎಂದು ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ನನ್ನನ್ನು ಮತ್ತೆ ಕೋರ್ಟ್‌ಗೆ ಕರೆತಂದದ್ದು ಒಂದು ನೋಟ್‌ಬುಕ್. ಬೆಂಚ್ ಮೇಲೆ ಕೂರುವ ಜೂನಿಯರ್ ಹುಡುಗಿಯ ಕೈಯಲ್ಲಿ ಸರ್ ಪ್ರತಿ ಪಂದ್ಯದ ಲೆಕ್ಕ ಬರೆಸುತ್ತಿದ್ದರು. ಎಷ್ಟು ಶಾಟ್, ಎಷ್ಟು ರೀಬೌಂಡ್, ಎಷ್ಟು ಸಲ ಬಾಲ್ ಎದುರಾಳಿಗೆ ಬಿಟ್ಟುಕೊಟ್ಟೆವು, ಎಲ್ಲವೂ ಗೆರೆ ಎಳೆದು. ಅಲ್ಲಿಯವರೆಗೆ ನಾವ್ಯಾರೂ ಅದನ್ನು ತೆರೆದು ನೋಡಿರಲಿಲ್ಲ. ಒಂದು ಮಧ್ಯಾಹ್ನ ಸರ್ ನನ್ನನ್ನು ಕರೆದು, ‘ಏನಮ್ಮಾ, ಸೋತ ಪುಟ ಆಮೇಲೆ ನೋಡು. ಮೊದಲು ಗೆದ್ದ ಪುಟ ನೋಡು’ ಎಂದರು.

ಸೋತ ಪಂದ್ಯದಲ್ಲಿ ನಾವು 27 ಸಲ ಬಾಲ್ ಕಳೆದುಕೊಂಡಿದ್ದೆವು. ಗೆದ್ದ ನಾಲ್ಕು ಪಂದ್ಯಗಳಲ್ಲಿ? 24, 26, 22, 25. ಅಂದರೆ ನಮ್ಮ ರೋಗ ಹೊಸದಲ್ಲ. ಗೆದ್ದಾಗಲೂ ಇತ್ತು. ಆ ತಂಡಗಳಿಗೆ ಅದನ್ನು ಬಳಸಿಕೊಳ್ಳಲು ಬರಲಿಲ್ಲ, ಈ ತಂಡಕ್ಕೆ ಬಂತು. ಗೆಲುವು ಅದನ್ನು ಮುಚ್ಚಿಟ್ಟಿತ್ತು. ಸೋಲು ಬಂದಾಗ ನಾವು ಅದನ್ನು ಬಿಟ್ಟು ನನ್ನ ಕೈಯನ್ನೂ ಕ್ಯಾಪ್ಟನ್ ಕೈಯನ್ನೂ ಅನುಮಾನಿಸಿದೆವು.

ನನ್ನ ಫ್ರೀ ಥ್ರೋ ಲೆಕ್ಕವನ್ನೂ ಹಾಕಿದೆ. ಪ್ರಾಕ್ಟೀಸ್‌ನಲ್ಲಿ ಹತ್ತಕ್ಕೆ ಆರು ಹಾಕುತ್ತೇನೆ. ಗಣಿತದಲ್ಲಿ ಓದಿದ ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ ಮೊದಲ ಸಲ ಪರೀಕ್ಷೆಯ ಹೊರಗೆ ಕೆಲಸಕ್ಕೆ ಬಂತು. ಹತ್ತಕ್ಕೆ ಆರು ಹಾಕುವವಳು ಎಂಟರಲ್ಲಿ ಎರಡು ಅಥವಾ ಅದಕ್ಕಿಂತ ಕಡಿಮೆ ಹಾಕುವ ಸಾಧ್ಯತೆ ಸುಮಾರು ಶೇ 5. ಅಂದರೆ ಇಂಥ 20 ಪಂದ್ಯಗಳಲ್ಲಿ ಒಂದರಲ್ಲಿ ಹೀಗಾಗುವುದು ಲೆಕ್ಕದ ಪ್ರಕಾರವೇ! ಪಂದ್ಯದ ದಣಿವು, ಎದೆಬಡಿತ ಸೇರಿದರೆ ಇನ್ನೂ ಹೆಚ್ಚು. ಹಾಗಂತ ನನ್ನ ತಪ್ಪೇ ಇಲ್ಲ ಎನ್ನುವುದಿಲ್ಲ. ಆದರೆ ಒಂದು ದಿನದ ಎಂಟು ಎಸೆತ ನೋಡಿ ‘ನನಗೆ ಆಟ ಬರುವುದಿಲ್ಲ’ ಎನ್ನುವುದು ಎಂಜಿನಿಯರಿಂಗ್ ಓದುವವಳು ಆಡುವ ಮಾತಲ್ಲ.

ವರ್ಜೀನಿಯಾ ಎಂಬ ಪಾಠ

ಆ ದಿನಗಳಲ್ಲಿ ಸೋತ ತಂಡಗಳ ಕಥೆಗಳನ್ನೇ ಹುಡುಕಿ ಓದಿದೆ. ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ್ದಕ್ಕಿಂತ ದೊಡ್ಡ ಕಥೆ ಸಿಗಲಿಲ್ಲ. 2018ರ ಎನ್‌ಸಿಎಎ ಪುರುಷರ ಟೂರ್ನಿಗೆ ಅದು ಬಂದದ್ದು 31 ಗೆಲುವು, ಎರಡೇ ಸೋಲಿನೊಂದಿಗೆ. ದೇಶದಲ್ಲೇ ಅತ್ಯಂತ ಬಿಗಿ ಡಿಫೆನ್ಸ್. ಅಲ್ಲಿ ಪ್ರತಿ ವಲಯದ ಒಂದನೇ ಶ್ರೇಯಾಂಕದ ತಂಡ ಮೊದಲ ಸುತ್ತಿನಲ್ಲಿ 16ನೇ ಶ್ರೇಯಾಂಕದ ತಂಡವನ್ನು ಎದುರಿಸುತ್ತದೆ. 1985ರಿಂದ ಅಂಥ 135 ಪಂದ್ಯ ನಡೆದಿದ್ದವು. 135ರಲ್ಲೂ ಗೆದ್ದದ್ದು ಒಂದನೇ ಶ್ರೇಯಾಂಕದವರೇ. ವರ್ಜೀನಿಯಾ ಎದುರಿಗಿದ್ದದ್ದು ಯುಎಂಬಿಸಿ ಎಂಬ ತಂಡ. ಅರ್ಧ ಪಂದ್ಯಕ್ಕೆ 21–21. ಉಳಿದರ್ಧದಲ್ಲಿ ಯುಎಂಬಿಸಿ 53 ಪಾಯಿಂಟ್ ಹೊಡೆದು 74–54ರಿಂದ ಗೆದ್ದಿತು. ವರ್ಜೀನಿಯಾ ಇಡೀ ದೇಶದ ನಗೆಪಾಟಲಿಗೆ ಗುರಿಯಾಯಿತು.

ಮುಂದಿನ ವರ್ಷ ಟೋನಿ ಬೆನೆಟ್ ಕೋಚಿಂಗ್‌ನಲ್ಲೇ ಅದೇ ತಂಡದ ಹಲವರು ಮತ್ತೆ ಬಂದರು. ಮತ್ತೆ ಒಂದನೇ ಶ್ರೇಯಾಂಕ, ಎದುರಿಗೆ ಮತ್ತೆ 16ನೇ ಶ್ರೇಯಾಂಕದ ಗಾರ್ಡ್ನರ್ ವೆಬ್. ಅರ್ಧ ಪಂದ್ಯಕ್ಕೆ ವರ್ಜೀನಿಯಾ 30–36ರಿಂದ ಹಿಂದೆ! ಆ ವಿರಾಮದಲ್ಲಿ ಆ ಹುಡುಗರ ತಲೆಯಲ್ಲಿ ಏನು ಓಡುತ್ತಿತ್ತೋ ಊಹಿಸಿ. ಆದರೆ ಈ ಸಲ ಅವರು ತಮ್ಮ ಆಟ ಬಿಡಲಿಲ್ಲ. 71–56ರಿಂದ ಗೆದ್ದರು. ಸೆಮಿಫೈನಲ್‌ನಲ್ಲಿ ಒಂದು ಸೆಕೆಂಡೂ ಪೂರ್ತಿ ಉಳಿದಿರದಾಗ ಕೈಲ್ ಗೈ ಮೂರು ಫ್ರೀ ಥ್ರೋ ಹಾಕಿ 63–62ರಿಂದ ಗೆಲ್ಲಿಸಿದ. ಹಿಂದಿನ ವರ್ಷದ ಸೋಲಿನ ತನ್ನ ಫೋಟೊವನ್ನೇ ಫೋನಿನ ಪರದೆ ಮೇಲೆ ಇಟ್ಟುಕೊಂಡಿದ್ದ ಹುಡುಗ ಅವನು. ಫೈನಲ್‌ನಲ್ಲಿ ಟೆಕ್ಸಾಸ್ ಟೆಕ್ ಎದುರು ಹೆಚ್ಚುವರಿ ಸಮಯದಲ್ಲಿ 85–77ರ ಗೆಲುವು.

ಸೋಲು ಅವರನ್ನು ಚಾಂಪಿಯನ್ ಮಾಡಿತು ಎಂದು ಹೇಳುವುದು ಸುಲಭ. ಆದರೆ ಸೋತ ತಂಡಗಳೆಲ್ಲ ಮರುವರ್ಷ ಗೆಲ್ಲುವುದಿಲ್ಲ. ನನಗೆ ಹಿಡಿಸಿದ್ದು ಅವರು ಸೋಲನ್ನು ಅಡಗಿಸಿಡಲಿಲ್ಲ ಎಂಬುದು. ಅದರ ಜೊತೆಗೆ, ಒಂದು ಸೋಲು ಕಂಡು ತಮ್ಮ ಆಟದ ಶೈಲಿಯನ್ನೇ ಎಸೆಯಲಿಲ್ಲ ಎಂಬುದು.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಆತ್ಮವಿಶ್ವಾಸದ ನಾಲ್ಕು ಮೂಲಗಳನ್ನು ಹೆಸರಿಸಿದರು. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು, ಆ ಹೊತ್ತಿನ ದೇಹ–ಮನಸ್ಸಿನ ಸ್ಥಿತಿ. ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ‘ಚಿಯರ್ ಅಪ್’ ಎಂದು ಎಷ್ಟು ಬೆನ್ನು ತಟ್ಟಿದರೂ ನಮಗೆ ಏಕೆ ಏನೂ ಅನ್ನಿಸಲಿಲ್ಲ ಎಂಬುದು ಆಗ ಅರ್ಥವಾಯಿತು. ನಮಗೆ ಬೇಕಿದ್ದದ್ದು ನಾವೇ ಮಾಡಿ ನೋಡಿದ ಸಣ್ಣ ಸಣ್ಣ ಸಾಕ್ಷಿಗಳು.

ತಪ್ಪು ಮಾಡಿದವಳಿಗೇ ಮುಂದಿನ ಪಾಸ್

ಎಂಟೂ ಜನ ಕೂತು ಮೂರು ನಿಯಮ ಮಾಡಿಕೊಂಡೆವು. ಒಂದು, ಗೆದ್ದರೂ ಸೋತರೂ ಮರುದಿನ ನೋಟ್‌ಬುಕ್ ತೆರೆದು ಅದೇ ಪ್ರಶ್ನೆಗಳನ್ನು ಕೇಳಿಕೊಳ್ಳುವುದು. ಎರಡು, ‘ಗೆಲ್ಲಲೇಬೇಕು’ ಎಂಬ ಗುರಿಯ ಬದಲು ‘ಬಾಲ್ 15ಕ್ಕಿಂತ ಹೆಚ್ಚು ಸಲ ಕಳೆದುಕೊಳ್ಳಬಾರದು’ ಎಂಬ ಗುರಿ. ಮೂರನೆಯದು ಕ್ಯಾಪ್ಟನ್ ಹೇಳಿದ್ದು: ಯಾರು ತಪ್ಪು ಮಾಡುತ್ತಾರೋ, ಸಾಧ್ಯವಾದಷ್ಟೂ ಮುಂದಿನ ಪಾಸ್ ಅವರಿಗೇ. ತಪ್ಪು ಮಾಡಿದವಳು ಬಾಲ್ ಕಂಡು ಓಡಿಹೋಗದಂತೆ ನೋಡಿಕೊಳ್ಳುವುದು ಉಳಿದ ನಾಲ್ವರ ಕೆಲಸ.

ಇದು ಆಟಕ್ಕಷ್ಟೇ ಅಲ್ಲ ಎಂದು ಹಾಸ್ಟೆಲ್‌ನಲ್ಲಿ ತಿಳಿಯಿತು. ನನ್ನ ರೂಮ್‌ನಲ್ಲಿರುವ ಅಕ್ಕ ಫೈನಲ್ ಇಯರ್. ಮೂರು ಕಂಪನಿಗಳ ಪ್ಲೇಸ್‌ಮೆಂಟ್‌ನಲ್ಲಿ ಆಯ್ಕೆಯಾಗದೆ, ನಾಲ್ಕನೆಯದಕ್ಕೆ ಹೆಸರನ್ನೇ ಕೊಟ್ಟಿರಲಿಲ್ಲ. ‘ನನ್ನಿಂದ ಆಗಲ್ಲ ಬಿಡೇ’ ಎಂದಳು. ನನಗೆ ಮೂರನೇ ಕ್ವಾರ್ಟರ್ ನೆನಪಾಯಿತು. ಅವಳೂ ಬಾಲ್ ಬೇಡ ಎನ್ನುತ್ತಿದ್ದಳು. ಇಬ್ಬರೂ ಕೂತು ಅವಳ ‘ಸ್ಕೋರ್’ ಬರೆದೆವು. ಆಪ್ಟಿಟ್ಯೂಡ್ ಮೂರೂ ಕಡೆ ಪಾಸ್. ಮೂರೂ ಕಡೆ ನಿಂತದ್ದು ಟೆಕ್ನಿಕಲ್ ಸುತ್ತಿನಲ್ಲಿ, ಅದೂ ಡೇಟಾಬೇಸ್ ಪ್ರಶ್ನೆಗಳಲ್ಲಿ. ‘ನನ್ನಿಂದ ಆಗಲ್ಲ’ ಎನ್ನುವುದು ಒಂದು ವಿಷಯದ ನಾಲ್ಕು ಚಾಪ್ಟರ್ ಆಗಿ ಕುಗ್ಗಿತು. ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಮುಂದಿನ ಎರಡು ಕಂಪನಿಗಳಿಗೆ ಹೆಸರು ಕೊಟ್ಟಿದ್ದಾಳೆ.

ಬಾಸ್ಕೆಟ್‌ಬಾಲ್ ಆಟ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಬಗ್ಗೆ ಒಂದು ಸಂಗತಿ ಅವಳಿಗೆ ಹೇಳಿ ನಗಿಸಿದೆ. 1891ರಲ್ಲಿ ಈ ಆಟ ಹುಟ್ಟುಹಾಕಿದವರು ಅವರೇ. ಆಮೇಲೆ ಕ್ಯಾನ್ಸಸ್ ವಿಶ್ವವಿದ್ಯಾಲಯದ ತಂಡದ ಕೋಚ್ ಆದರು. ಅಲ್ಲಿ ಅವರ ದಾಖಲೆ 55 ಗೆಲುವು, 60 ಸೋಲು. ಆ ತಂಡದ ಇತಿಹಾಸದಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಿರುವ ಕೋಚ್ ಅವರೊಬ್ಬರೇ!

ಈ ವರ್ಷದ ವಲಯ ಟೂರ್ನಿಯಲ್ಲಿ ನಾವು ಎರಡು ಪಂದ್ಯ ಗೆದ್ದು ಸೆಮಿಫೈನಲ್‌ಗೆ ಬಂದೆವು. ಕೊನೆಯ ನಿಮಿಷದಲ್ಲಿ 37–39. ನಾನೊಂದು ಸುಲಭದ ಲೇಅಪ್ ತಪ್ಪಿಸಿದೆ. ರೀಬೌಂಡ್ ಹಿಡಿದದ್ದು ಫಸ್ಟ್ ಇಯರ್ ಹುಡುಗಿ, ಕಳೆದ ವರ್ಷ ನೋಟ್‌ಬುಕ್ ಬರೆದವಳ ಪಕ್ಕ ಈ ವರ್ಷ ಬಂದು ಸೇರಿದವಳು. ಬಾಲನ್ನು ಯಾರಿಗಾದರೂ ಕೊಡಬಹುದಿತ್ತು. ನಿಯಮ ನೆನಪಿಟ್ಟು ನನಗೇ ಕೊಟ್ಟಳು. ಈ ಸಲ ದಾಟಿಸಲಿಲ್ಲ, ನೇರ ನುಗ್ಗಿದೆ. ಫೌಲ್. ಎರಡು ಫ್ರೀ ಥ್ರೋ.

15 ಅಡಿ ದೂರ, 10 ಅಡಿ ಎತ್ತರ. ಮೊದಲನೆಯದು ರಿಂಗ್ ಸುತ್ತಿ ಹೊರಬಿತ್ತು. ಹಿಂದಿನಿಂದ ಕ್ಯಾಪ್ಟನ್ ‘ಮುಂದಿನದು’ ಎಂದಳು, ಅಷ್ಟೇ. ಎರಡನೆಯದು ಒಳಗೆ ಬಿತ್ತು. 38–39. ಆದರೆ ಅವರು ಮತ್ತೊಂದು ಬಾಸ್ಕೆಟ್ ಹಾಕಿದರು. 38–41. ಸೋತೆವು.

ಟೆಂಪೊ ಟ್ರಾವೆಲರ್‌ನಲ್ಲಿ ಈ ಸಲವೂ ಸ್ವಲ್ಪ ಹೊತ್ತು ಮೌನವಿತ್ತು. ಆಮೇಲೆ ನೋಟ್‌ಬುಕ್ ಕೈಯಿಂದ ಕೈಗೆ ಬಂತು. ಬಾಲ್ ಕಳೆದುಕೊಂಡದ್ದು 13 ಸಲ. ಇಬ್ಬರು ಅಳುತ್ತಲೇ ಚಪ್ಪಾಳೆ ತಟ್ಟಿದರು. ದಾರಿಯಲ್ಲಿ ಟೀಗೆ ನಿಲ್ಲಿಸಿದಾಗ ಆ ಫಸ್ಟ್ ಇಯರ್ ಹುಡುಗಿ ನನ್ನ ಪಕ್ಕ ಬಂದು ಕೇಳಿದಳು: ‘ಅಕ್ಕಾ, ಸೋಮವಾರ ಪ್ರಾಕ್ಟೀಸ್ ಇದೆ ಅಲ್ವಾ?’

ಸೋಮವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಕೋರ್ಟ್‌ನಲ್ಲಿ ಎಣಿಸಿದೆ. ಎಂಟೂ ಜನ ಇದ್ದೆವು.