ಕಲ್ಲಿನ ಮೇಲೆ ಅರಳಿದ್ದೆಲ್ಲ ಹವಳವಲ್ಲ

ಮಣಿಪಾಲದ ಫ್ಲಾಟಿರಲಿ, ಕಾರ್ಕಳದ ಮನೆಯಿರಲಿ, ಉಪ್ಪುನೀರಿನ ಮರೈನ್ ಟ್ಯಾಂಕ್ ಇಟ್ಟವರ ಬಾಯಲ್ಲಿ ಒಂದೇ ಮಾತು: "ಲೈವ್ ರಾಕ್ ಮೇಲೆ ತಾನಾಗಿ ಹವಳ ಹುಟ್ಟಿದೆ, ನಮ್ಮ ಅದೃಷ್ಟ." ಲೈವ್ ರಾಕ್ ಎಂದರೆ ಟ್ಯಾಂಕಿನಲ್ಲಿಡುವ, ಜೀವಿಗಳು ನೆಲೆಸಿರುವ ಕಡಲಿನ ಕಲ್ಲು. ಫೋಟೊ ತೆರೆದು ನೋಡಿದರೆ ಕಂದು ಬಣ್ಣ, ಸಪೂರ ಕಾಂಡ, ಚೂಪು ತುದಿಯ ಉದ್ದನೆಯ ಗ್ರಹಣಾಂಗಗಳು. ಅದು ಐಪ್ಟೇಸಿಯಾ. ಹವಳದ ದೂರದ ನೆಂಟ ನಿಜ, ಆದರೆ ಹವಳವಲ್ಲ, ಸೀ ಅನಿಮೋನ್. ಇದಕ್ಕೆ ಆಹಾರ ಹಾಕಿ, ಲೈಟ್ ಹೆಚ್ಚಿಸಿ ಸಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೆಲವೇ ತಿಂಗಳಲ್ಲಿ ಅದು ಕಲ್ಲಿನ ಸಂದುಗೊಂದೆಲ್ಲ ತುಂಬಿ, ಪಕ್ಕದ ಮೆದುಹವಳಗಳನ್ನು ಕುಟುಕಿ ಮುದುಡಿಸಿಬಿಡುತ್ತದೆ.

ಗುರುತಿಸುವುದು ಕಷ್ಟವೇನಲ್ಲ. ಗ್ಲೌಸ್ ಹಾಕಿಕೊಂಡು ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಐಪ್ಟೇಸಿಯಾ ಸರಕ್ಕನೆ ಬಿಲದೊಳಗೆ ಸೇರಿಕೊಳ್ಳುತ್ತದೆ. ಅಲ್ಲಿ ಗಟ್ಟಿಯಾದದ್ದು ಏನೂ ಉಳಿಯುವುದಿಲ್ಲ. ಕಲ್ಲುಹವಳದ ಪಾಲಿಪ್, ಅಂದರೆ ಅದರ ಮೆತ್ತನೆಯ ಜೀವಿ, ಒಳಸರಿದಾಗ ಸುಣ್ಣದ ಪುಟ್ಟ ಬಟ್ಟಲೊಂದು ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಅದರೊಳಗೆ ಅಣಬೆಯ ಅಡಿಭಾಗದಂತೆ ನಡುವಿನತ್ತ ಸಾಗುವ ತೆಳು ಪದರುಗಳಿರುತ್ತವೆ, ಸಾಮಾನ್ಯವಾಗಿ ಆರರ ಲೆಕ್ಕದಲ್ಲಿ. ಮೆದುಹವಳಕ್ಕೆ ಗರಿಯಂತೆ ಸೀಳಿರುವ ಎಂಟೇ ಗ್ರಹಣಾಂಗ. ಹವಳದ ಇನ್ನೊಂದು ನೆಂಟನಾದ ಝೊಆಂತಿಡ್‌ಗೆ ಅಂಚಿನಲ್ಲಿ ಗ್ರಹಣಾಂಗಗಳ ಎರಡು ಸಾಲು. ಹೆಚ್ಚಿನವಕ್ಕೆ ಬುಡದಲ್ಲಿ ಎಲ್ಲವನ್ನೂ ಕೂಡಿಸುವ ಚಾಪೆ. ಬಣ್ಣ ನೋಡಿ ಹೆಸರು ಹೇಳಬೇಡಿ. ನೀಲಿ ಲೈಟಿನಡಿ ಎಲ್ಲವೂ ಚೆಂದವೇ.

"ಕತ್ತರಿಸಿ ತೆಗೆದರಾಯಿತು" ಎನ್ನುವುದು ಇನ್ನೊಂದು ನಂಬಿಕೆ. ಬುಡದ ಒಂದು ಚೂರು ಉಳಿದರೂ ಅದರಿಂದ ಹೊಸ ಐಪ್ಟೇಸಿಯಾ ಬೆಳೆಯುತ್ತದೆ. ನೀರಿನಲ್ಲಿ ಗಟ್ಟಿಯಾಗಿ ಕಲಸಿದ ಸುಣ್ಣವನ್ನು, ಅಂದರೆ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು, ಸಿರಿಂಜಿನಿಂದ ಅದರ ಬಾಯಿಗೇ ಬಿಡಬೇಕು. ಒಂದೇ ದಿನ ಹೆಚ್ಚು ಬಿಟ್ಟರೆ ನೀರಿನ ಪಿಎಚ್ ಏರಿ ಮೀನಿಗೆ ತೊಂದರೆ.

ನನಗೆ ನಿಜಕ್ಕೂ ಭಯ ಹುಟ್ಟಿಸುವ ಸಲಹೆ ಬೇರೆ: "ಬೇಡದ್ದು ಬೆಳೆದಿದ್ದರೆ ಕಲ್ಲನ್ನೇ ಕುದಿಸಿ." ಕಲ್ಲಿನ ಮೇಲಿರುವುದು ಝೊಆಂತಿಡ್ ಗುಂಪಿನ ಪ್ಯಾಲಿಥೋವಾ ಆಗಿದ್ದರೆ ಅದರಲ್ಲಿ ಪ್ಯಾಲಿಟಾಕ್ಸಿನ್ ಇರಬಹುದು. 1971ರಲ್ಲಿ ಹವಾಯಿಯ ಪ್ಯಾಲಿಥೋವಾದಿಂದ ಬೇರ್ಪಡಿಸಿದ ಈ ವಿಷ ಜೀವಕೋಶಗಳ ಸೋಡಿಯಂ-ಪೊಟ್ಯಾಸಿಯಂ ಪಂಪನ್ನೇ ಕೆಡಿಸುತ್ತದೆ. ಕುದಿಸಿದರೂ, ಬ್ರಷ್ ಹಾಕಿ ಉಜ್ಜಿದರೂ ವಿಷ ಗಾಳಿಗೆ ಸೇರಬಹುದು. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಮನೆಯ ಟ್ಯಾಂಕಿನ ಹವಳ ಶುಚಿಗೊಳಿಸಿದ ಮೇಲೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದರು. ಅಡುಗೆಮನೆಯಲ್ಲಿ ಪಾತ್ರೆ ಇಟ್ಟು ಕಲ್ಲು ಕುದಿಸಲು ಹೇಳುವವರಿಗೆ ಇದು ಗೊತ್ತಿರಬೇಕು.

ತಾನಾಗಿ ಹವಳ ಬರುವುದೇ ಇಲ್ಲವೇ? ಬರುತ್ತದೆ. ಪೊಸಿಲೊಪೊರಾ ಎಂಬ ಕಲ್ಲುಹವಳದ ಮರಿಗಳು ಗಾಜಿಗೇ ಅಂಟಿ ಬೆಳೆದದ್ದುಂಟು. ಅದು ಅಪರೂಪ, ಗುರುತು ಅದೇ ಸುಣ್ಣದ ಬಟ್ಟಲು.

ಕಾಪು ದೀಪಸ್ತಂಭದ ಬಳಿಯ ಬಂಡೆಯಿಂದ ಕಲ್ಲು ತಂದರೆ ಹವಳ ಸಿಗುತ್ತದೆ ಎನ್ನುವವರೂ ಇದ್ದಾರೆ. ಮಳೆಗಾಲದಲ್ಲಿ ಉಡುಪಿಯ ಹೊಳೆಗಳು ಸಿಹಿನೀರು, ಕೆಸರು ಎರಡನ್ನೂ ಕಡಲಿಗೆ ಸುರಿಯುವ ದಡವಿದು. ಹವಳದ ದಿಬ್ಬ ಬೆಳೆಯುವ ಜಾಗವಲ್ಲ. ನಮ್ಮ ರಾಜ್ಯದಲ್ಲಿ ಹವಳಕ್ಕೆ ಹೆಸರಾದದ್ದು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪ.

ಫೋಟೊ ತೋರಿಸಿದರೆ ಫೋನಿನ ಆ್ಯಪ್ ಒಂದು ಹೆಸರು ಹೇಳುತ್ತದೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹತ್ತು ಜನ ಹೌದೆನ್ನುತ್ತಾರೆ. ಹತ್ತರಲ್ಲಿ ಒಬ್ಬರೂ ಮುಟ್ಟಿ ನೋಡಿರುವುದಿಲ್ಲ. ಹಣ, ಮೀನು, ಆರೋಗ್ಯ ಮೂರನ್ನೂ ಪಣಕ್ಕಿಡುವ ವಿಷಯದಲ್ಲಿ ಇಷ್ಟು ಸುಲಭವಾಗಿ ನಂಬುವುದು ಯಾಕೆ? ಕಾನೂನಿನ ವಿಷಯದಲ್ಲೂ ಇದೇ ಕಥೆ. "ಬಲೆಗೆ ಬಿದ್ದ ಸತ್ತ ತುಂಡು, ಪರವಾಗಿಲ್ಲ" ಎಂದು ಯಾರೋ ಹೇಳಿದ್ದನ್ನು ನಂಬಿ ಕಲ್ಲುಹವಳ ಕೊಳ್ಳುತ್ತಾರೆ. 2001ರಲ್ಲೇ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಹುಲಿಯಿರುವ ಪಟ್ಟಿಗೇ, ಸೇರಿದೆ. ಸತ್ತ ತುಂಡಿನ ಮಾರಾಟವೂ ಅಪರಾಧವೇ.