ಹಿತ್ತಿಲ ಹಕ್ಕಿಗಳೂ ಅವುಗಳ ಸೀಮೆಯೂ

ಗುಬ್ಬಚ್ಚಿಯ ಸಂತತಿಯೇ ನಾಡಿನಿಂದ ಅಳಿಯುತ್ತಿದೆಯೆಂದು ನಾವು ಹಲವು ವರ್ಷ ನಂಬಿದ್ದೆವು. ನಂಬಿದ್ದಷ್ಟೇ ಅಲ್ಲ, ನಾಲ್ಕು ಜನರ ಮುಂದೆ ಆಡಿಯೂ ಇದ್ದೆವು. ಬೆಂಗಳೂರಿನ ಬಡಾವಣೆಯೊಂದರಲ್ಲಿ ತಂಗಿದ್ದಾಗ ಬೆಳಗಿನಿಂದ ಬೈಗಿನವರೆಗೂ ಒಂದು ಗುಬ್ಬಿ ಕಣ್ಣಿಗೆ ಬೀಳದಿದ್ದುದೇ ಅದಕ್ಕೆ ಆಧಾರ. ಮುಂದೆ ಧಾರವಾಡ ಸೀಮೆಯ ಹಳ್ಳಿಯೊಂದರಲ್ಲಿ ಅದೇ ಮಾತನ್ನೆತ್ತಲು, ಜೋಳ ಹಸನು ಮಾಡುತ್ತಿದ್ದ ತಾಯಿಯೊಬ್ಬರು, "ಇಲ್ಲಿ ನೋಡ್ರಿ ಅಜ್ಜಾರ, ಮರದಾಗಿನ ಕಾಳು ಉಳಿಸಿಕೊಳ್ಳೂದ ಕಷ್ಟ ಆಗೇತಿ" ಎಂದು ನಕ್ಕರು. ಅಂಗಳದ ತುಂಬ ಗುಬ್ಬಿಗಳು! ನಮ್ಮ ವಾದ ಅಲ್ಲಿಗೇ ಮುಗಿಯಿತು.

ತರುವಾಯ 2020ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯು ಆ ತಾಯಿಯ ಪಕ್ಷವನ್ನೇ ವಹಿಸಿತು. ಹವ್ಯಾಸಿಗಳು ಬರೆದಿಟ್ಟ ಒಂದು ಕೋಟಿಗೂ ಮಿಕ್ಕ ದಾಖಲೆಗಳಿಂದ 867 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿದ ಈ ವರದಿಯಂತೆ, ಗುಬ್ಬಚ್ಚಿಯು ದೇಶದಲ್ಲಿ ಒಟ್ಟಾರೆ ಸ್ಥಿರವಾಗಿದೆ; ಬೆಂಗಳೂರು, ಚೆನ್ನೈ, ಮುಂಬೈ ಮೊದಲಾದ ಮಹಾನಗರಗಳಲ್ಲಿ ಮಾತ್ರ ಇಳಿಮುಖವಾಗಿದೆ. ಮೊಬೈಲ್ ಗೋಪುರಗಳೇ ಕಾರಣವೆಂಬ ಜನಜನಿತ ಮಾತಿಗೆ ತಕ್ಕ ಪುರಾವೆಯಿಲ್ಲ. ಕಾಳು ತಿನ್ನುವ ಗುಬ್ಬಿಯೂ ಎಳೆಯ ಮರಿಗಳಿಗೆ ಹುಳುಗಳನ್ನೇ ಉಣಿಸುತ್ತದೆ. ಗಿಡಗಳಿಗೆಲ್ಲ ವಿಷ ಸಿಂಪಡಿಸಿ, ಹೆಂಚಿನ ಸಂದು, ಗೋಡೆಯ ಬಿರುಕುಗಳನ್ನು ಮುಚ್ಚಿ ಕಾಂಕ್ರೀಟಿನ ಮನೆ ಕಟ್ಟಿದಲ್ಲಿ ಅದು ಗೂಡು ಕಟ್ಟುವುದಾದರೂ ಎಲ್ಲಿ? ಪೇಟೆಯಲ್ಲಿ ದೊರೆಯುವ ಮರದ ಗೂಡುಗಳನ್ನು ತೂಗುಹಾಕುವ ಸಡಗರ ಈಗ ಹೆಚ್ಚಾಗಿದೆ. ಗುಬ್ಬಿಯು ಹುಟ್ಟಿದ ಠಾವಿನಿಂದ ಬಹುದೂರ ಹೋಗುವ ಹಕ್ಕಿಯಲ್ಲ. ಆಸುಪಾಸಿನಲ್ಲಿ ಗುಬ್ಬಿಗಳೇ ಇಲ್ಲದ ಬೀದಿಯಲ್ಲಿ ಆ ಗೂಡು ಬರಿದಾಗಿಯೇ ಉಳಿದೀತು.

ಉಳಿದ ಹಕ್ಕಿಗಳ ಮಾತೂ ಹೀಗೆಯೇ. ಕೆನ್ನೆಯಲ್ಲಿ ಕೆಂಪು ಮಚ್ಚೆ, ನೆತ್ತಿಯಲ್ಲಿ ಚೂಪು ಜುಟ್ಟುಳ್ಳ ಕೆಮ್ಮೀಸೆ ಪಿಕಳಾರವು ಮಲೆನಾಡಿನ ಹಿತ್ತಿಲಲ್ಲಿ ದಿನದ ನೆಂಟ. ಬಯಲುಸೀಮೆಯ ಒಣನೆಲದಲ್ಲಿ ಬಾಲದ ಬುಡದಲ್ಲಷ್ಟೇ ಕೆಂಪಿರುವ ಅದರ ದಾಯಾದಿಯದೇ ಕಾರುಬಾರು. ಕಣ್ಣಸುತ್ತ ಹಳದಿ ಚರ್ಮವಿರುವ ಗೊರವಂಕವು ಎಲ್ಲೆಡೆಯೂ ಉಂಟು. ಆ ಹಳದಿಯಿಲ್ಲದೆ ಕೊಕ್ಕಿನ ಬುಡದಲ್ಲಿ ಕಿರುಜುಟ್ಟು ಹೊತ್ತ ಕಾಡು ಗೊರವಂಕವನ್ನು ಕಾಣಲು ಘಟ್ಟದ ಕಡೆಗೆ ಹೋಗುವುದು ಲೇಸು. ಶಿವಮೊಗ್ಗದ ಕಡೆಯವರು ಕುಟ್ರು ಹಕ್ಕಿಯ ಕೂಗಿಗೆ ಎಚ್ಚರಗೊಂಡರೆ, ವಿಜಯಪುರದವರಿಗೆ ಅದು ಅಪರಿಚಿತ. ಬೆಂಗಳೂರಿನವರು ಈ ವಿಷಯದಲ್ಲಿ ಭಾಗ್ಯವಂತರು: ಕುಟ್ರುವೂ ಉಂಟು, ಕಂಚುಗಾರನ ಸುತ್ತಿಗೆಯಂತೆ ಟಂಕ್ ಟಂಕ್ ಎನ್ನುವ ಅದರ ಸೋದರನೂ ಉಂಟು.

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿಗಳ ಎಣಿಕೆಯಲ್ಲಿ ನಮ್ಮ ದೇಶದವರು 2013ರಿಂದ ಪಾಲ್ಗೊಳ್ಳುತ್ತಿದ್ದಾರೆ. ಕನಿಷ್ಠ 15 ನಿಮಿಷ ಒಂದೆಡೆ ನಿಂತು, ಕಂಡ ಜಾತಿಗಳನ್ನೆಲ್ಲ ಸಂಖ್ಯೆಯೊಡನೆ ಬರೆಯಬೇಕು. ಕಾಗೆಯನ್ನು ಬರೆಯುವುದೇನೆಂದು ಬಿಡಲಾಗದು. ಪೂರ್ಣಪಟ್ಟಿಯಿದ್ದರೆ ಮಾತ್ರ, ಅದರಲ್ಲಿಲ್ಲದ ಹಕ್ಕಿಯು ಅಲ್ಲಿ ಕಾಣಲಿಲ್ಲವೆಂಬುದೂ ತಿಳಿದುಬರುತ್ತದೆ.

ಕಳೆದ ಸಲ ಅದೇ ಬಡಾವಣೆಯ ಮಾಳಿಗೆಯ ಮೇಲೆ ನಿಂತು ನಾವೂ ಬರೆದೆವು: ಕಾಗೆ 9, ಪಾರಿವಾಳ 22, ಗೊರವಂಕ 4, ಸೂರಕ್ಕಿ 2, ಗರುಡ 1. ಗುಬ್ಬಿ ಕಾಣಲಿಲ್ಲ.