ಒಂದು ಕೀಲಿ, ಇಬ್ಬರು ಒಡೆಯರು: ಮಗು ಬರೆದದ್ದು ಅಳಿಸಿಹೋಗುವುದೇಕೆ?

ನಮ್ಮ ಗಣಕ ಕೊಠಡಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಅಭ್ಯಾಸ ತಂತ್ರಾಂಶವೊಂದರಲ್ಲಿ ಅರ್ಧ ಗಂಟೆ ಕುಳಿತು ಪ್ರಬಂಧ ಬರೆದಿದ್ದಳು. ಕೈತಪ್ಪಿ ಎಫ್5 ಕೀಲಿ ಒತ್ತಿದಳು; ಪುಟ ಬರಿದಾಯಿತು. "ನಾನೇ ಏನೋ ತಪ್ಪು ಮಾಡಿದೆ, ಟೀಚರ್" ಎಂದು ಅತ್ತಳು. ತಪ್ಪು ಅವಳದಾಗಿರಲಿಲ್ಲ.

ಇಂದಿನ ಅನೇಕ ಡೆಸ್ಕ್‌ಟಾಪ್ ತಂತ್ರಾಂಶಗಳ ಒಡಲಲ್ಲಿ ಒಂದು ಬ್ರೌಸರ್ ಅಡಗಿರುತ್ತದೆ. ವಿಂಡೋಸ್‌ನಲ್ಲಿ ಹಿಂದೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಭಾಗವನ್ನು ಇದಕ್ಕೆ ಬಳಸುತ್ತಿದ್ದರು. ಈಗ ಮೈಕ್ರೋಸಾಫ್ಟ್‌ನ ವೆಬ್‌ವ್ಯೂ2 ಬಳಕೆಯಲ್ಲಿದೆ. ವಿಳಾಸ ಬರೆಯುವ ಜಾಗ ಕಾಣದಿರುವುದರಿಂದ ಅದು ಬ್ರೌಸರೆಂದು ನಮಗೆ ತಿಳಿಯುವುದಿಲ್ಲ. ಆದರೆ ಅದರ ಹಳೆಯ ಅಭ್ಯಾಸಗಳು ಹಾಗೆಯೇ ಉಳಿದಿರುತ್ತವೆ: ಎಫ್5 ಒತ್ತಿದರೆ ಪುಟವನ್ನು ಮತ್ತೆ ಹೊಸದಾಗಿ ತೆರೆಯುತ್ತದೆ, ಕಂಟ್ರೋಲ್+ಪಿ ಒತ್ತಿದರೆ ತನ್ನದೇ ಮುದ್ರಣ ಕಿಟಕಿಯನ್ನು ತೋರಿಸುತ್ತದೆ.

ಒತ್ತಿದ ಕೀಲಿ ಯಾರಿಗೆ ಸಲ್ಲುತ್ತದೆ? ಆ ಕ್ಷಣದಲ್ಲಿ ಪರದೆಯ ಯಾವ ಭಾಗ ಸಕ್ರಿಯವಾಗಿದೆಯೋ ಅದಕ್ಕೆ. ಇದನ್ನೇ ಫೋಕಸ್ ಎನ್ನುತ್ತಾರೆ. ಪುಟದೊಳಗೆ ಕ್ಲಿಕ್ ಮಾಡಿದ್ದರೆ ಕೀಲಿ ಬ್ರೌಸರಿಗೆ ಹೋಗುತ್ತದೆ. ಹೊರಗಿನ ಮೆನುವಿಗೆ ಅದರ ಸುಳಿವೇ ಸಿಗದಿರಬಹುದು. ಒಂದೇ ಕೀಲಿ ಒಮ್ಮೆ ಹೀಗೆ, ಒಮ್ಮೆ ಹಾಗೆ ವರ್ತಿಸುವುದಕ್ಕೆ ಕಾರಣ ಇದೇ.

ಈ ನಷ್ಟ ನಮ್ಮ ಮಕ್ಕಳದ್ದು ಮಾತ್ರವಲ್ಲ. ಬ್ಯಾಕ್‌ಸ್ಪೇಸ್ ಒತ್ತಿದಾಗ ಹಿಂದಿನ ಪುಟಕ್ಕೆ ಜಾರಿ, ತುಂಬಿದ ಅರ್ಜಿಗಳನ್ನು ಜನ ಕಳೆದುಕೊಳ್ಳುತ್ತಿದ್ದ ಕಾರಣ ಗೂಗಲ್ ಸಂಸ್ಥೆಯು 2016ರಲ್ಲಿ ಕ್ರೋಮ್ ಬ್ರೌಸರಿನಿಂದ ಆ ವ್ಯವಸ್ಥೆಯನ್ನೇ ತೆಗೆದುಹಾಕಿತು.

ಪರಿಹಾರ ತಂತ್ರಾಂಶ ರೂಪಿಸುವವರ ಕೈಯಲ್ಲಿದೆ. ವೆಬ್‌ವ್ಯೂ2ರಲ್ಲಿ ಬ್ರೌಸರಿನ ಶಾರ್ಟ್‌ಕಟ್ ಕೀಲಿಗಳನ್ನು ಒಟ್ಟಾಗಿ ನಿಲ್ಲಿಸುವ ಆಯ್ಕೆಯಿದೆ. ಆಗಲೂ ನಕಲು ಮಾಡುವ, ಅಂಟಿಸುವ ಕೀಲಿಗಳು ಎಂದಿನಂತೆ ಕೆಲಸ ಮಾಡುತ್ತವೆ. ಆದರೆ ಅಕ್ಷರ ಹಿಗ್ಗಿಸುವ ಕಂಟ್ರೋಲ್+ಪ್ಲಸ್ ಕೂಡ ನಿಂತುಹೋಗುತ್ತದೆ. ದೃಷ್ಟಿ ಮಂದವಿರುವ ಮಗುವಿಗೆ ಅದೇ ಆಸರೆ. ಆದುದರಿಂದ ಪ್ರತಿ ಕೀಲಿಯನ್ನೂ ಮೊದಲು ತಂತ್ರಾಂಶವೇ ಪರಿಶೀಲಿಸಿ, ಹಾನಿಕರವಾದುದನ್ನು ಮಾತ್ರ ತಡೆಯುವುದು ಮೇಲು. ಅದಕ್ಕೂ ಅಲ್ಲಿ ಅವಕಾಶವಿದೆ. ಎಲ್ಲಕ್ಕಿಂತ ಮಿಗಿಲಾಗಿ, ಬರೆದದ್ದು ಆಗಾಗ ತಾನಾಗಿ ಉಳಿಯುವಂತಿರಬೇಕು.

ಪೋಷಕರು ಮಾಡಬಹುದಾದದ್ದು ಇಷ್ಟು: ದೀರ್ಘ ಬರಹವನ್ನು ನೋಟ್‌ಪ್ಯಾಡಿನಲ್ಲಿ ಬರೆದು, ಉಳಿಸಿ, ಬಳಿಕ ಅಂಟಿಸಲು ಮಕ್ಕಳಿಗೆ ಕಲಿಸಿರಿ. ತೊಂದರೆಯಾದರೆ ಯಾವ ಕೀಲಿ ಒತ್ತಿದಾಗ, ಕರ್ಸರ್ ಎಲ್ಲಿದ್ದಾಗ, ಏನಾಯಿತೆಂದು ಬರೆದು ಶಾಲೆಯ ಮೂಲಕ ತಯಾರಕರಿಗೆ ತಿಳಿಸಿರಿ. ಮಗುವನ್ನು ಮಾತ್ರ ಗದರಿಸಬೇಡಿರಿ.